ಬಟ್ಟೆಯಲ್ಲಿ ಸುತ್ತಿದ ರೊಟ್ಟಿ

ರಾಗಿಗುಡ್ಡ, ಶಿವಮೊಗ್ಗ
11 ಜೂನ್ 2024

ಕೃಪಾವತಿ ಅಕ್ಕನಿಗೆ ಸಮತಾ ಮಾಡುವ ವಂದನೆಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮ ತಮ್ಮನಿಗೆ ಆಟೋ ಕಾಂಪ್ಲೆಕ್ಸಿನಲ್ಲಿ ಕೆಲಸ ಜಾಸ್ತಿ. ಲೇತ್ ಮೆಷಿನ್ನಿನ ಎದುರು ನಿಂತು ನಿಂತು ಕಾಲು ಊದಿಸಿಕೊಂಡು ಮನೆಗೆ ಬರುತ್ತಾರೆ. ನಿಮಗೆ ಫೋನ್ ಮಾಡಿದರೆ ಕೇಳಿಸುವುದಿಲ್ಲ, ಮೊಬೈಲಿನಲ್ಲಿ ಬರೆದರೆ ನೀವು ಓದುವುದಿಲ್ಲ. ಏನು ಮಾಡಲಿ ಎಂದು ಇವರನ್ನೇ ಕೇಳಿದೆ. "ನಮ್ಮಕ್ಕ ಟೀಚರ್ ಆಗಿದ್ದೋಳು. ಕಾಗದ ಬರಿ. ತಪ್ಪಿದ್ರೆ ಕೆಂಪು ಇಂಕಲ್ಲಿ ತಿದ್ದಿ ವಾಪಸ್ ಕಳಿಸ್ತಾಳೆ" ಅಂದರು. ಹಾಗಾಗಿ ಹೆದರಿಕೊಂಡೇ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಹೋದ ವರ್ಷ ಭದ್ರಾವತಿಯಿಂದ ನಮ್ಮ ಚರ್ಚಿನ ಸಭೆಗೆ ವರ್ಗವಾಗಿ ಬಂದರಲ್ಲ ಪಾಸ್ಟರ್ ಅಯ್ಯನವರು, ಅವರಿಗೆ ಇಲ್ಲಿ ಕರ್ತನ ಭೋಜನ ನಡೆಸುವ ರೀತಿ ಹಿಡಿಸುತ್ತಿಲ್ಲ. ಇಲ್ಲಿ ಪ್ಯಾಕೆಟ್ಟಿನಲ್ಲಿ ಬರುವ ಬಿಳಿ ಬಿಲ್ಲೆಗಳನ್ನು ಹಂಚುತ್ತಾರೆ. "ಒಂದೇ ರೊಟ್ಟಿ ಮುರಿದು ಎಲ್ರೂ ತಿನ್ಬೇಕು. ಬಿಡಿ ಬಿಡಿ ಬಿಲ್ಲೆ ಕೊಟ್ರೆ ಸಾಲಲ್ಲಿ ನಿಲ್ಸಿ ಮಾತ್ರೆ ಹಂಚ್ದಂಗಿರುತ್ತೆ" ಎಂದು ಹೋದ ಭಾನುವಾರ ಪ್ರಸಂಗದಲ್ಲೇ ಹೇಳಿಬಿಟ್ಟರು. ಆಮೇಲೆ ನನ್ನನ್ನು ಕರೆದು, "ಭದ್ರಾವತೀಲಿ ಕೃಪಾವತಿ ಟೀಚರ್ ಮಾಡ್ತಿದ್ದ ರೊಟ್ಟಿ ಮುರಿದ್ರೆ ಕೊನೇ ಬೆಂಚಿಗೂ ಕೇಳ್ತಿತ್ತು ಕಣಮ್ಮ. ನೀನು ಅದೇ ಮನೆ ಸೊಸೆ. ಕಲಿತ್ಕೊಂಡು ಮಾಡು" ಅಂದರು.

ಇಲ್ಲ ಎನ್ನಲಾರದೆ ಹೂಂ ಅಂದೆ. ಮುಂದಿನ ತಿಂಗಳ ಮೊದಲ ಭಾನುವಾರಕ್ಕೆ ಆಗಬೇಕಂತೆ. ಹೇಗೆ ಮಾಡುವುದು ಎಂದು ಬರೆದು ಕಳಿಸುತ್ತೀರಾ ಅಕ್ಕ?

ಇನ್ನೊಂದು ಮಾತು ಕೇಳಬೇಕೆಂದಿದ್ದೆ. ಅದು ಕಾಗದದಲ್ಲಿ ಬೇಡ. ನೀವು ಈ ಕಡೆ ಬಂದಾಗ ಎದುರಿಗೇ ಕೇಳುತ್ತೇನೆ.

ಸಮತಾ

*

ಜನ್ನಾಪುರ, ಭದ್ರಾವತಿ
18 ಜೂನ್ 2024

ಸಮತಾಳಿಗೆ ಕೃಪಾವತಿಯ ಆಶೀರ್ವಾದಗಳು.

ಕಾಗದ ತಲುಪಿತು. ತಪ್ಪು ತಿದ್ದಿಲ್ಲ, ಕೆಂಪು ಇಂಕು ಮುಗಿದಿದೆ.

ಅಯ್ಯನವರು ನನ್ನ ರೊಟ್ಟಿಯನ್ನು ಹೊಗಳಿದರು ಎಂದು ಓದಿ ಸಂತೋಷವಾಯಿತು. ಇಲ್ಲಿದ್ದಷ್ಟು ವರ್ಷವೂ ಒಂದು ದಿನ ಬಾಯಿಬಿಟ್ಟು ಚೆನ್ನಾಗಿದೆ ಅಂದವರಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಶಿವಮೊಗ್ಗದ ಬಸ್ಸು ಹತ್ತಿದ ಮೇಲೆ ಗಿಡ ನೆನಪಾಗಿದೆ. ಅದನ್ನೂ ನಿನಗೆ ಹೇಳಿದ್ದಾರೆ, ನನಗಲ್ಲ.

ನೀನು ಹೊಸಬಳು, ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಇಲ್ಲಿಯ ದೇವಾಲಯ ಕಟ್ಟುವಾಗ ನಮ್ಮ ತಾತ ಕಾರ್ಖಾನೆಯ ಪಾಳಿ ಮುಗಿಸಿ ಬಂದು ಕಲ್ಲು ಹೊತ್ತವರು. ಆವತ್ತಿನಿಂದ ಕರ್ತನ ಮೇಜಿನ ರೊಟ್ಟಿ ನಮ್ಮ ಮನೆಯದು. ಅಜ್ಜಿ ಮಾಡಿದರು, ಅಮ್ಮ ಮಾಡಿದರು, ಈಗ ನಾನು ಮಾಡುತ್ತೇನೆ. ನಾನು ಮದುವೆಯಾಗಲಿಲ್ಲ, ಶಾಲೆಯಿಂದಲೂ ನಿವೃತ್ತಳಾದೆ. ಈ ಊರಿನಲ್ಲಿ ಕೃಪಾವತಿ ಯಾರು ಎಂದು ಕೇಳಿದರೆ "ರೊಟ್ಟಿ ಟೀಚರ್ರಾ" ಅನ್ನುತ್ತಾರೆ. ನನಗೆ ಉಳಿದಿರುವುದು ಅದೊಂದೇ. ರೊಟ್ಟಿ ಮಾಡಿದವಳು ಎಲ್ಲರಿಗಿಂತ ಮುಂದೆ, ಮೊದಲ ಸಾಲಿನಲ್ಲಿ ಮೊಣಕಾಲೂರಬೇಕು. ಹಿಂದೆ ಯಾರು ಬಂದರು, ಯಾರು ಬರಲಿಲ್ಲ ಎಂದು ನಾನು ತಿರುಗಿ ನೋಡಿದವಳಲ್ಲ.

ನನ್ನನ್ನು ಮೊದಲ ಸಲ ಅಜ್ಜಿ ಕೈ ಹಿಡಿದು ಮೇಜಿಗೆ ಕರೆದೊಯ್ದರು. ನಮ್ಮಲ್ಲಿ ಪದ್ಧತಿ ಹಾಗೆ. ದೀಕ್ಷಾಸ್ನಾನ ಆದ ಮಾತ್ರಕ್ಕೆ ಮೇಜಿಗೆ ನುಗ್ಗುವ ಹಾಗಿಲ್ಲ. ಹೆಣ್ಣಾದರೆ ಮನೆಯ ಹಿರಿಯ ಹೆಂಗಸು ಕೈ ಹಿಡಿದು ತರಬೇಕು. ಆ ದಿನ ಹೊಸಬರಿಗೆಂದು ಬೇರೆ ತುಂಡು ಕೊಡುವುದಿಲ್ಲ. ಕರೆತಂದವಳು ತನ್ನ ತುಂಡನ್ನೇ ಮುರಿದು ಅರ್ಧ ಕೊಡಬೇಕು. ಅಲ್ಲಿಗೆ ಅವಳು ಸಭೆಯವಳಾದಳು. ನಿನ್ನದು ಅಲ್ಲಿ ಯಾರ ಕೈಯಲ್ಲಿ ಆಯಿತೋ ನನಗೆ ಗೊತ್ತಿಲ್ಲ. ನಿನ್ನ ದೀಕ್ಷಾಸ್ನಾನಕ್ಕೇ ನಾನು ಬರಲಾಗಲಿಲ್ಲ, ಆಗ ಮಂಡಿನೋವು.

ಈಗ ರೊಟ್ಟಿ. ಗೋಧಿ ಹಿಟ್ಟನ್ನು ಎರಡು ಸಲ ಜರಡಿ ಹಿಡಿ. ಚಿಟಿಕೆ ಉಪ್ಪು. ಸೋಡಾ, ಎಣ್ಣೆ ಯಾವುದೂ ಬೇಡ. ಬಿಸಿನೀರು ಹಾಕಿ ಗಟ್ಟಿಯಾಗಿ ಕಲಸಿ, ತೆಳ್ಳಗೆ ಲಟ್ಟಿಸಿ, ಹೆಂಚಿನ ಮೇಲೆ ಎರಡೂ ಕಡೆ ಬೇಯಿಸು. ಇಳಿಸಿದ ಕೂಡಲೇ, ಬಿಸಿ ಆರುವ ಮೊದಲೇ, ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡು. ಇದನ್ನು ಮರೆಯಬೇಡ. ಮಾಡುವಾಗ ರುಚಿ ನೋಡಬಾರದು, ಚೂರೂ ಬಾಯಿಗೆ ಹಾಕಬಾರದು. ಮೇಜಿನಿಂದ ನಮ್ಮ ಕೈಗೆ ಬಂದ ಮೇಲೆಯೇ ಅದು ನಮ್ಮದು.

ಇಷ್ಟೇ. ಇದರಲ್ಲಿ ಗುಟ್ಟೇನೂ ಇಲ್ಲ.

ಕೃಪಾವತಿ

*

ರಾಗಿಗುಡ್ಡ, ಶಿವಮೊಗ್ಗ
8 ಜುಲೈ 2024

ಅಕ್ಕನಿಗೆ ವಂದನೆಗಳು.

ನೀವು ಬರೆದ ಹಾಗೆಯೇ ಮಾಡಿದೆ. ಒಂದೂ ಬಿಡಲಿಲ್ಲ. ರುಚಿ ನೋಡಬಾರದು ಎಂದಿರಲ್ಲ, ಅದು ನನಗೆ ಕಷ್ಟವಾಗಲಿಲ್ಲ. ನಮ್ಮಮ್ಮ ಹೊಳೆಹೊನ್ನೂರಿನಲ್ಲಿ ಹಬ್ಬಕ್ಕೆ ಎಡೆ ಇಡುವ ಮೊದಲು ಬೆರಳು ನೆಕ್ಕಿದರೂ ಕೈಗೆ ಹೊಡೆಯುತ್ತಿದ್ದರು.

ಆದರೆ ರೊಟ್ಟಿ ಮುರಿಯಲಿಲ್ಲ ಅಕ್ಕ. ಅಯ್ಯನವರು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಸದ್ದು ಬರುತ್ತದೆ ಎಂದು ಮೊದಲೇ ಎಲ್ಲರಿಗೂ ಹೇಳಿಟ್ಟಿದ್ದರು, ಇಡೀ ಸಭೆ ಕಿವಿ ಕೊಟ್ಟು ಕೂತಿತ್ತು. ಎಳೆದರು. ಬಾಗಿತು. ಇನ್ನೊಂದು ಸಲ ಎಳೆದರು. ಹಳೇ ಪಂಚೆ ಹರಿದ ಹಾಗೆ ಹರಿಯಿತು, ಒಂದು ಕಡೆ ಉದ್ದಕ್ಕೆ ಬಾಲ ಬಿಟ್ಟುಕೊಂಡು. ಮಕ್ಕಳ ಸಾಲಿನಲ್ಲಿ ಕಿಸಕ್ ಎಂದು ನಕ್ಕರು. ನನಗೆ ಬೆಂಚಿನ ಕೆಳಗೆ ಹೋಗಿ ಕೂತುಬಿಡೋಣ ಅನ್ನಿಸಿತು.

ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಸತ್ಯಮಿತ್ರ ತಾತ ನನ್ನನ್ನು ತಡೆದು ನಿಲ್ಲಿಸಿದರು. ಅವರಿಗೆ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಬೈಯುತ್ತಾರೆ ಅಂದುಕೊಂಡೆ. "ಈ ವಯಸ್ಸಲ್ಲಿ ಮೊದ್ಲನೇ ಸಲ ಕರ್ತನ ರೊಟ್ಟಿ ವಸಡಿಗೆ ಚುಚ್ದೆ ಒಳಗೋಯ್ತು ನೋಡವ್ವ. ಹಿಂಗೇ ಮಾಡು" ಅಂದರು. ಅವರು ಅಂದ ಮೇಲೆ ಉಳಿದ ಮುದುಕರೆಲ್ಲ ಸೇರಿಕೊಂಡರು. ಅಯ್ಯನವರು ನಕ್ಕು, "ಸದ್ದು ಬೇಡ, ಇದೇ ಇರ್ಲಿ ಬಿಡಮ್ಮ" ಅಂದುಬಿಟ್ಟರು.

ಏನು ತಪ್ಪಾಯಿತು ಅಕ್ಕ? ಹಿಟ್ಟಿನದೋ, ನನ್ನ ಕೈಯದೋ? ನೀವು ಒಂದು ಸಲ ಬಂದು ನೋಡಿದರೆ ಚೆನ್ನಾಗಿತ್ತು. ಆ ಇನ್ನೊಂದು ಮಾತೂ ಹಾಗೇ ಉಳಿದಿದೆ.

ಸಮತಾ

*

ಜನ್ನಾಪುರ, ಭದ್ರಾವತಿ
6 ಆಗಸ್ಟ್ 2024

ಸಮತಾಳಿಗೆ,

ಉತ್ತರ ಬರೆಯುವುದು ತಡವಾಯಿತು. ಬೇಕೆಂದೇ ತಡ ಮಾಡಿದೆ.

ಏನು ತಪ್ಪಾಯಿತು ಎಂದು ಕೇಳಿದ್ದೀಯ. ಅದು ಕೈಗುಣ. ಕೆಲವರ ಕೈಯಲ್ಲಿ ರೊಟ್ಟಿ ಮುರಿಯುತ್ತೆ, ಕೆಲವರ ಕೈಯಲ್ಲಿ ಜೋತು ಬೀಳುತ್ತೆ. ಅದಕ್ಕೆ ನಾನೇನು ಮಾಡಲಿ. ಆದರೆ ಜೋತುಬಿದ್ದದ್ದಕ್ಕೆ ಹಾರ ಹಾಕುವ ಸಭೆ ಇದೆ ಎಂದು ನನಗೆ ಇಷ್ಟು ದಿನ ತಿಳಿದಿರಲಿಲ್ಲ.

ಮೊನ್ನೆ ಇಲ್ಲಿ ಏನಾಯಿತು ಕೇಳು. ಆರಾಧನೆ ಮುಗಿದು ಟೀ ಕುಡಿಯುತ್ತಿದ್ದೆವು. ಸ್ತ್ರೀ ಸಂಘದ ಕಾರ್ಯದರ್ಶಿ ಗ್ಲಾಡಿಸ್ ನನ್ನ ಕಿವಿಯ ಹತ್ತಿರ ಬಂದು, ನಾನು ಕಿವುಡಿ ಅಂತ ಊರಿಗೇ ಕೇಳುವ ಹಾಗೆ ಕೂಗಿದಳು. "ಟೀಚರ್, ಶಿವಮೊಗ್ಗದಲ್ಲಿ ನಿಮ್ ತಮ್ಮನ ಹೆಂಡ್ತಿ ಮೆತ್ತಗೆ ಮಾಡ್ತಾಳಂತಲ್ಲ, ನಿಮಗೆ ಹಂಗೆ ಮಾಡಕ್ಕಾಗಲ್ವಾ? ನಮ್ಮತ್ತೆ ಹಲ್ಲು ಸೆಟ್ಟು ಬಿಚ್ಚಿಟ್ಟು ಬರ್ತಾರೆ." ಹೊಸ ಅಯ್ಯನವರು ಚಿಕ್ಕ ವಯಸ್ಸಿನವರು, ಅವರೂ ತಲೆಯಾಡಿಸಿದರು. ಟೀ ಲೋಟ ಹಾಗೇ ಇಟ್ಟು ಮನೆಗೆ ಬಂದೆ.

ಮೂರು ತಲೆಮಾರಿನ ರೊಟ್ಟಿಯನ್ನು ಒಂದು ಭಾನುವಾರದಲ್ಲಿ ಮೂಲೆಗೆ ತಳ್ಳಿದೆಯಲ್ಲ ಮಾರಾಯ್ತಿ. ನಿನ್ನ ತಲೆಯ ಮೇಲೆ ದೀಕ್ಷೆಯ ನೀರು ಬಿದ್ದು ಇನ್ನೂ ಒಣಗಿಲ್ಲ. ಅಷ್ಟರಲ್ಲಿ ಮೊದಲ ಸಾಲು, ಮೊದಲ ತುಂಡು, ಅಯ್ಯನವರ ನಗು, ಮುದುಕರ ಆಶೀರ್ವಾದ, ಎಲ್ಲ ನಿನಗೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನನಗೆ ಅತ್ತೆಯ ಕಾಲವೇ ಬರಲಿಲ್ಲ, ಸೊಸೆಯ ಕಾಲ ಆಗಲೇ ಬಂದುಬಿಟ್ಟಿದೆ.

ನನಗೆ ಹೊಟ್ಟೆಕಿಚ್ಚು ಎಂದು ನೀನು ಅಂದುಕೊಂಡರೆ ಅಂದುಕೋ.

ಕೃಪಾವತಿ

*

ರಾಗಿಗುಡ್ಡ, ಶಿವಮೊಗ್ಗ
12 ಆಗಸ್ಟ್ 2024

ಅಕ್ಕನಿಗೆ,

ನಿಮ್ಮ ಕಾಗದ ಓದಿ ಇವರಿಗೆ ತೋರಿಸಲಿಲ್ಲ. ಬೀರುವಿನಲ್ಲಿ ಸೀರೆಯ ಕೆಳಗೆ ಇಟ್ಟಿದ್ದೇನೆ.

ಮೊದಲ ತುಂಡು ಎಂದು ಬರೆದಿದ್ದೀರಿ. ಅದಕ್ಕೆ ಉತ್ತರ ಬರೆಯಲು ಕೂತರೆ ತುಂಬಾ ಬರೆಯಬೇಕಾಗುತ್ತದೆ. ಈಗ ಬೇಡ. ಇಲ್ಲಿಯವರು ಪ್ರತಿ ತಿಂಗಳೂ ನೀನೇ ಮಾಡು ಎಂದಿದ್ದಾರೆ, ಮಾಡುತ್ತಿದ್ದೇನೆ. ನಿಮಗೆ ನೋವಾಗಿದ್ದರೆ ಬಿಟ್ಟುಬಿಡು ಎಂದು ಒಂದು ಸಾಲು ಬರೆಯಿರಿ, ಬಿಡುತ್ತೇನೆ. ಬಿಡು ಎನ್ನುವುದನ್ನೂ ನೀವೇ ಹೇಳಬೇಕು.

ಸಮತಾ

*

ಜನ್ನಾಪುರ, ಭದ್ರಾವತಿ
29 ಅಕ್ಟೋಬರ್ 2024

ಸಮತಾ,

ಬಿಡು ಎಂದು ನಾನು ಬರೆಯಲಿಲ್ಲ. ಬರೆದಿದ್ದರೆ ಆ ಕಾಗದ ಹಿಡಿದುಕೊಂಡು ನೀನು ಸಭೆಯಲ್ಲಿ ಅಳುತ್ತಿದ್ದೆ, ಮುದುಕರೆಲ್ಲ ಸೇರಿ ನನ್ನನ್ನು ಶಪಿಸುತ್ತಿದ್ದರು. ನನಗೂ ಬುದ್ಧಿ ಇದೆ.

ಈಗ ತಿಳಿಯಿತು ನಿನ್ನ ಬುದ್ಧಿ. ನವೆಂಬರ್ ಹದಿನೇಳಕ್ಕೆ ನಮ್ಮ ದೇವಾಲಯದ ವಾರ್ಷಿಕೋತ್ಸವ. ಹಳೆಯ ಅಯ್ಯನವರನ್ನೇ ಕರೆಸಿ ಕರ್ತನ ಭೋಜನ ಮಾಡಿಸುತ್ತಾರಂತೆ. ಗ್ಲಾಡಿಸ್ ನಿನ್ನೆ ಮನೆಗೆ ಬಂದು, "ಈ ಸಲ ನೀವು ಸುಧಾರಿಸ್ಕೊಳ್ಳಿ ಟೀಚರ್, ರೊಟ್ಟಿ ಶಿವಮೊಗ್ಗದಿಂದ ಬರುತ್ತೆ, ಸಮತಾಗೆ ಫೋನ್ ಮಾಡಿ ಹೇಳ್ದೆ" ಎಂದು ಹೇಳಿ ಹೋದಳು. ಯಾವ ದೇವಾಲಯಕ್ಕೆ ನನ್ನ ತಾತ ಕಲ್ಲು ಹೊತ್ತರೋ ಅದರ ಮೇಜಿಗೆ, ನಾನು ಬದುಕಿರುವಾಗಲೇ, ನಿನ್ನ ರೊಟ್ಟಿ.

ಹೊಟ್ಟೆ ಉರಿಯುತ್ತಿದೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಉರಿಯುತ್ತಿದೆ. ಮಜ್ಜಿಗೆ ಕುಡಿದರೂ ಆರುತ್ತಿಲ್ಲ. ನಿನಗೆ ಗಂಡನಿದ್ದಾನೆ. ಹೊಳೆಹೊನ್ನೂರಿನಲ್ಲಿ ತಾಯಿಯಿದ್ದಾಳೆ. ನಾಳೆ ಮಕ್ಕಳಾಗುತ್ತವೆ. ನನ್ನ ತಮ್ಮನನ್ನೂ ನಿನಗೇ ಕೊಟ್ಟೆ. ಈ ಒಂದು ರೊಟ್ಟಿಯನ್ನು ನನಗೆ ಬಿಡಲಾಗಲಿಲ್ಲವೇ?

ಆ ಭಾನುವಾರ ನಾನು ಮೇಜಿಗೆ ಬರುವುದಿಲ್ಲ. ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ನೀನು ಮೊದಲ ಸಾಲಿನಲ್ಲಿ ಮೊಣಕಾಲೂರು. ನೋಡಿ ಕಣ್ಣು ತುಂಬಿಸಿಕೊಳ್ಳುತ್ತೇನೆ.

ಕೃಪಾವತಿ

*

ಜನ್ನಾಪುರ, ಭದ್ರಾವತಿ
18 ನವೆಂಬರ್ 2024

ಸಮತಾ,

ನನ್ನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ನಿನ್ನೆ ಸಭೆಯಲ್ಲೇ ಉತ್ತರ ಕೊಟ್ಟೆ.

ಹೇಳಿದ ಹಾಗೆ ನಾನು ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಬುದ್ಧಿ ಬಂದಾಗಿನಿಂದ ಅಲ್ಲಿ ಕೂತವಳಲ್ಲ. ಅಲ್ಲಿಂದ ಮೇಜು ಎಷ್ಟು ದೂರ ಕಾಣುತ್ತದೆ ಎಂದು ನಿನ್ನೆ ಗೊತ್ತಾಯಿತು. ಸಾಲು ಸಾಲಾಗಿ ಎಲ್ಲರೂ ಎದ್ದು ಹೋದರು. ನನ್ನ ತಮ್ಮ ನವೀನ ಹೋದ, ಗ್ಲಾಡಿಸ್ ಅವಳ ಅತ್ತೆಯ ಕೈ ಹಿಡಿದುಕೊಂಡು ಹೋದಳು. ಮೊದಲ ಸಾಲಿನಲ್ಲಿ ನಿನ್ನನ್ನು ಹುಡುಕಿದೆ. ನೀನು ಇರಲಿಲ್ಲ. ನೋಡಿದರೆ ಎದುರುಗಡೆಯ ಸಾಲಿನಲ್ಲಿ, ಗೋಡೆಯ ಪಕ್ಕದ ಬೆಂಚಿನಲ್ಲಿ ಸೆರಗು ಹೊದ್ದು ಕೂತಿದ್ದೀಯ. ಏಳಲೇ ಇಲ್ಲ. ಬೆಂಚುಗಳೆಲ್ಲ ಖಾಲಿ. ಈ ಕಡೆ ನಾನೊಬ್ಬಳು, ಆ ಕಡೆ ನೀನೊಬ್ಬಳು.

ಯಾಕೆ? ನನ್ನನ್ನು ಅಣಕಿಸಲಿಕ್ಕೆ ತಾನೇ? ನಾನು ಸಿಟ್ಟಿನಲ್ಲಿ ಕೂತೆ, ಅದು ನನ್ನ ಮತ್ತು ಕರ್ತನ ನಡುವಿನ ಜಗಳ. ನೀನು ಯಾವ ಸಿಟ್ಟಿಗೆ ಕೂತೆ? "ಪಾಪ, ಸಮತಾ ತಾನು ಮಾಡಿದ ರೊಟ್ಟಿ ತಾನೇ ತಿನ್ನಲಿಲ್ಲ, ನಾದಿನಿಯ ಕಾಟಕ್ಕೆ" ಎಂದು ಇಡೀ ಸಭೆ ಮಾತಾಡಲಿ ಎಂದೇ? ಮಾತಾಡುತ್ತಿದ್ದಾರೆ. ಸಂತೋಷಪಡು. ಅದಕ್ಕೇ ನಿನ್ನ ಕಡೆ ತಿರುಗದೆ ಪಕ್ಕದ ಬಾಗಿಲಿನಿಂದ ಮನೆಗೆ ಬಂದೆ.

ಹೇಗಿತ್ತು ನಿನ್ನ ರೊಟ್ಟಿ? ನೀನೇ ಹೇಳು. ಮಾಡಿದವಳಿಗಲ್ಲದೆ ಇನ್ಯಾರಿಗೆ ಅದರ ರುಚಿ ಚೆನ್ನಾಗಿ ಗೊತ್ತಿರುತ್ತದೆ.

ಕೃಪಾವತಿ

*

ರಾಗಿಗುಡ್ಡ, ಶಿವಮೊಗ್ಗ
3 ಡಿಸೆಂಬರ್ 2024

ಅಕ್ಕನಿಗೆ,

ಅಕ್ಟೋಬರಿನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಬರೆದಿದ್ದರೆ ಕೆಟ್ಟ ಮಾತು ಬರುತ್ತಿತ್ತು. ಈಗಲೂ ಬರಬಹುದು, ತಡೆದುಕೊಳ್ಳಿ.

ಮೊದಲನೆಯದು, ಆವತ್ತಿನ ರೊಟ್ಟಿ ನನ್ನದಲ್ಲ. ಗ್ಲಾಡಿಸ್ ಅವರು ಫೋನ್ ಮಾಡಿದ್ದು ನಿಜ. "ಭದ್ರಾವತಿ ಮೇಜಿಗೆ ನಮ್ಮಕ್ಕನ ರೊಟ್ಟಿ ಬಿಟ್ಟು ಬೇರೆಯವರದು ಬರಬಾರದು, ನಾನು ಮಾಡಲ್ಲ" ಎಂದು ಆಗಲೇ ಹೇಳಿದ್ದೆ. ಕೊನೆಗೆ ಒಪ್ಪುತ್ತಾಳೆ ಎಂದುಕೊಂಡು ಅವರು ನಿಮಗೆ ಹಾಗೆ ಹೇಳಿದ್ದರು, ಒಪ್ಪದಿದ್ದಾಗ ಸಿಟ್ಟು ಬಂತು. ನಿಮ್ಮನ್ನು ಮತ್ತೆ ಕೇಳಲು ಮುಖವಿಲ್ಲದೆ ಯಾರಿಗೂ ಹೇಳದೆ ಬಸ್ ಸ್ಟ್ಯಾಂಡಿನ ಬೇಕರಿಯಿಂದ ಬ್ರೆಡ್ ತರಿಸಿದರು. ನೀವು ಕೊನೆಯ ಬೆಂಚಿನಲ್ಲಿ ಕೂತು ಉರಿದುಕೊಂಡದ್ದು ಬೇಕರಿ ಬ್ರೆಡ್ಡಿನ ಮೇಲೆ.

ಎರಡನೆಯದು. ರುಚಿ ಹೇಗಿತ್ತು ಎಂದು ಕೇಳಿದ್ದೀರಿ. ನನಗೆ ಗೊತ್ತಿಲ್ಲ ಅಕ್ಕ. ಬೇಕರಿಯದೂ ಗೊತ್ತಿಲ್ಲ, ನಾನು ಮಾಡಿದ್ದೂ ಗೊತ್ತಿಲ್ಲ. ನಾನು ಇವತ್ತಿನವರೆಗೆ ಕರ್ತನ ರೊಟ್ಟಿ ತಿಂದೇ ಇಲ್ಲ.

ದೀಕ್ಷಾಸ್ನಾನ ಆಯಿತು. ತರಗತಿಗೆ ಹೋಗಿ ಅಯ್ಯನವರು ಕೇಳಿದ ಪ್ರಶ್ನೆಗೆಲ್ಲ ಉತ್ತರ ಹೇಳಿದೆ. ಆಮೇಲೆ ಮನೆಯ ಹೆಂಗಸು ಕೈ ಹಿಡಿದು ಕರೆತರಬೇಕು ಅಂದರು. ನಮ್ಮ ಮನೆಯಲ್ಲಿ ಹೆಂಗಸು ಅಂದರೆ ನೀವು. ಮೊದಲ ಕಾಗದದಲ್ಲಿ ಇನ್ನೊಂದು ಮಾತು ಅಂದಿದ್ದೆನಲ್ಲ, ಅದು ಇದೇ. ಎದುರಿಗೆ ಕೇಳಬೇಕು, ಕಾಗದದಲ್ಲಿ ಕೇಳಿದರೆ ಮರ್ಯಾದೆಯಲ್ಲ ಅಂದುಕೊಂಡೆ. ಅದಕ್ಕೆ ಉತ್ತರವಾಗಿ ಆ ಪದ್ಧತಿಯನ್ನೇ ವಿವರಿಸಿ, ನಿನ್ನದು ಯಾರ ಕೈಯಲ್ಲಿ ಆಯಿತೋ ಎಂದು ಬರೆದಿರಿ. ಓದಿ ಅಡುಗೆಮನೆಯಲ್ಲಿ ಕೂತು ಅತ್ತೆ. ನಿಮಗೆ ಮಂಡಿನೋವು ಎಂದು ದೀಕ್ಷಾಸ್ನಾನಕ್ಕೆ ಬರಲಿಲ್ಲ. ಮಾರನೇ ಭಾನುವಾರ ಅಲ್ಲಿಯ ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ನೀವು ಎರಡು ಕುಂಬಳಕಾಯಿ ಹೊತ್ತು ನಡೆಯುತ್ತಿರುವ ಫೋಟೋವನ್ನು ಗ್ಲಾಡಿಸ್ ಅವರು ಎಲ್ಲರಿಗೂ ಕಳಿಸಿದ್ದರು. ನಾನೂ ನೋಡಿದೆ.

ಅಯ್ಯನವರ ಹೆಂಡತಿ, ನಮ್ಮ ಅಮ್ಮನವರು, "ನಾನೇ ಕರ್ಕೊಂಡು ಹೋಗ್ತೀನಿ ಬಾ" ಅಂದರು. ಬೇಡ ಅಂದೆ. ನನಗೆ ಮನೆಯವರು ಇದ್ದಾರೆ, ಅವರು ಬರುತ್ತಾರೆ ಅಂದೆ. ಪ್ರತಿ ತಿಂಗಳೂ ಅದನ್ನೇ ಹೇಳುತ್ತಿದ್ದೇನೆ. ರೊಟ್ಟಿ ಮಾಡಿ ಮೇಜಿನ ಮೇಲಿಟ್ಟು ಬಂದು ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರುತ್ತೇನೆ. ಒಂದು ಸಲ ನಮ್ಮಮ್ಮ ಕರಿಬಸಮ್ಮ ಬಂದಿದ್ದರು. ಎಲ್ಲರೂ ಎದ್ದು ಹೋದರು, ನಾನು ಕೂತೇ ಇದ್ದೆ. "ಅಡಿಗೆ ಮಾಡಾಕೆ ನೀನು ಬೇಕು, ಊಟದ ಸಾಲಿಗೆ ಕರಿಯೋರಿಲ್ಲ. ನಮ್ಮ ಮನೀನೂ ಬಿಟ್ಟಿ, ಇವ್ರೂ ಸೇರಿಸ್ಕಂಡಿಲ್ಲ. ಎಲ್ಲಿಯಾಕಿನೇ ನೀನು" ಎಂದು ಕೇಳಿದರು. ನೀವು ನನ್ನನ್ನು ನೋಡಿ ಉರಿದುಕೊಳ್ಳುತ್ತಿದ್ದಿರಿ. ನನ್ನ ಹತ್ತಿರ ಏನಿತ್ತು ಅಕ್ಕ?

ಮೂರನೆಯದು. ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೆವೆತು ಮೆತ್ತಗಾಗುತ್ತದೆ ಎಂದು ಹೊಳೆಹೊನ್ನೂರಿನ ಯಾವ ಹೆಣ್ಣಿಗೆ ಗೊತ್ತಿಲ್ಲ? ನಮ್ಮಮ್ಮ ಹೊಲದ ಕೆಲಸಕ್ಕೆ ಬುತ್ತಿ ಕಟ್ಟುತ್ತಿದ್ದದ್ದೇ ಹಾಗೆ. ನಿಮ್ಮ ಕಾಗದ ಓದಿದ ಕೂಡಲೇ ನನಗೆ ಗೊತ್ತಾಯಿತು. ಗೊತ್ತಿದ್ದೂ ಸುತ್ತಿದೆ. ಒಳ್ಳೆಯವಳು ಎಂದುಕೊಳ್ಳಬೇಡಿ. ನನಗೂ ಹೊಟ್ಟೆಕಿಚ್ಚಿತ್ತು. ಇಲ್ಲಿ ಮನೆಯಲ್ಲಿ ಏನು ಮಾಡಿದರೂ "ಅಕ್ಕ ಮಾಡೋದು ಬೇರೆ ಥರ" ಎಂದು ಇವರು, ಅಲ್ಲಿ ಸಭೆಯಲ್ಲಿ "ಕೃಪಾವತಿ ಟೀಚರ್" ಎಂದು ಅಯ್ಯನವರು. ಸರಿ, ಟೀಚರ್ ಹೇಳಿದ ಹಾಗೆಯೇ ಮಾಡುತ್ತೇನೆ, ಹರಿದು ನಗೆಪಾಟಲಾದರೆ ಅವರ ಹೆಸರೂ ಹೋಗಲಿ, ಅವರ ಕಾಗದವನ್ನೇ ಎಲ್ಲರಿಗೂ ತೋರಿಸುತ್ತೇನೆ ಎಂದು ಚೀಲದಲ್ಲಿ ಹಾಕಿಕೊಂಡು ಹೋಗಿದ್ದೆ. ಸತ್ಯಮಿತ್ರ ತಾತ ಮಧ್ಯೆ ಬಂದು ಇಬ್ಬರನ್ನೂ ಉಳಿಸಿದರು.

ಅದಾದ ಮೇಲೆ ಮೆತ್ತಗೇ ಮಾಡಿಕೊಂಡು ಬಂದಿದ್ದೇನೆ.

ಸಮತಾ

*

ಜನ್ನಾಪುರ, ಭದ್ರಾವತಿ
21 ಜನವರಿ 2025

ಸಮತಾ,

ಕ್ರಿಸ್‌ಮಸ್‌ಗೂ ಬರೆಯಲಿಲ್ಲ, ಹೊಸ ವರ್ಷಕ್ಕೂ ಬರೆಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನೀನು ಫೋಟೋವನ್ನೇ ನೋಡಿದ್ದೀಯ, ನಾನು ಯಾವ ಹೆಗಲು ಮುಟ್ಟಿಕೊಳ್ಳಲಿ.

ಈ ತಿಂಗಳ ಐದನೇ ತಾರೀಖು ರೊಟ್ಟಿ ನಾನೇ ಮಾಡಿದೆ. ನಿನ್ನದೂ ಬೇಡ, ಬೇಕರಿಯದೂ ಬೇಡ ಎಂದು ಗ್ಲಾಡಿಸ್ಸೇ ಬಂದು ಕೇಳಿಕೊಂಡಳು. ಗೆದ್ದ ಹಾಗೆ ಆಗಬೇಕಿತ್ತು. ಅಯ್ಯನವರು ಎತ್ತಿ ಮುರಿದರು. ಎಲ್ಲರೂ ತಲೆಯೆತ್ತಿದರು, ಸದ್ದು ಬಂದಿರಬೇಕು. ನನಗೆ ಕೇಳಿಸಲಿಲ್ಲ. ಎಷ್ಟೋ ವರ್ಷದಿಂದ ನನಗೆ ಆ ಸದ್ದು ಕೇಳಿಸುತ್ತಿಲ್ಲ. ಜನರ ಮುಖ ನೋಡಿ ಬಂತು ಎಂದುಕೊಳ್ಳುತ್ತೇನೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ.

ಮೊದಲ ಸಾಲಿನಲ್ಲಿ ಮೊಣಕಾಲೂರಿದವಳು ಆ ದಿನ ಹಿಂದೆ ತಿರುಗಿ ನೋಡಿದೆ. ಅಲ್ಲಲ್ಲಿ ಬೆಂಚಿನಲ್ಲಿ ಕೂತೇ ಇದ್ದವರು ಇದ್ದರು. ಜೊತೆಗೆ ಕರೆತರುವವರಿಲ್ಲದೆ ಕೂತವರು ಯಾರು, ನನ್ನ ಹಾಗೆ ಸಿಟ್ಟಿಗೆ ಕೂತವರು ಯಾರು ಎಂದು ತಿಳಿಯಲಿಲ್ಲ. ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ತಾತ ಹೊತ್ತ ಕಲ್ಲು ಎಲ್ಲಿದೆ ಎಂದು ಕೇಳಿದರೆ ಕಣ್ಣು ಮುಚ್ಚಿಕೊಂಡು ತೋರಿಸುತ್ತೇನೆ.

ಫೆಬ್ರವರಿ ಎರಡನೇ ತಾರೀಖು ಬರುತ್ತೇನೆ. ಬೆಳಗಿನ ಬಸ್ಸು. ಬಸ್ ಸ್ಟ್ಯಾಂಡಿಗೆ ನವೀನನನ್ನು ಕಳಿಸು, ಆಟೋದವರು ಹೇಳುವುದು ನನಗೆ ಕೇಳಿಸುವುದಿಲ್ಲ. ರೊಟ್ಟಿ ನಾನು ತರುವುದಿಲ್ಲ, ನೀನೇ ಮಾಡು. ಬಟ್ಟೆಯಲ್ಲೇ ಸುತ್ತು. ಸುತ್ತದೆ, ಸಣ್ಣ ಉರಿಯ ಮೇಲೆ ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ ನೀರಾರಿಸಿದರೆ ಅದು ಮುರಿಯುವ ರೊಟ್ಟಿ. ಅದು ನಿನಗೆ ಗೊತ್ತಿದ್ದರೂ ನಾನು ಬರೆಯಬೇಕಿತ್ತು, ಬರೆದಿದ್ದೇನೆ. ನಿಮ್ಮಮ್ಮನಿಗೂ ಬರಲು ಹೇಳು. ಮೇಜಿಗೆ ಬರುವುದು ಬೇಡ, ಬೆಂಚಿನಲ್ಲಿ ಕೂತು ನೋಡಲಿ, ನೀನು ಎಲ್ಲಿಯವಳು ಎಂದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನ್ನ ಹೊಟ್ಟೆಕಿಚ್ಚು ಹೋಗಿದೆ ಎಂದುಕೊಳ್ಳಬೇಡ. ಬಸ್ಸು ಹತ್ತುವಾಗಲೂ ಇರುತ್ತದೆ, ಇಳಿಯುವಾಗಲೂ ಇರುತ್ತದೆ. ತುಂಡು ಮುರಿಯುವಾಗ ಸಮವಾಗಿ ಬರದಿದ್ದರೆ ದೊಡ್ಡದು ನನಗೆ.

ಕೃಪಾವತಿ

*

ರಾಗಿಗುಡ್ಡ, ಶಿವಮೊಗ್ಗ
3 ಫೆಬ್ರವರಿ 2025

ಅಕ್ಕನಿಗೆ,

ಕ್ಷೇಮವಾಗಿ ಮನೆ ಸೇರಿದಿರಿ ಎಂದು ಇವರು ಹೇಳಿದರು. ನಿಮ್ಮ ಕನ್ನಡಕದ ಡಬ್ಬಿ ಇಲ್ಲೇ ಉಳಿದಿದೆ, ಮುಂದಿನ ಸಲ ಬರುವಾಗ ಕೊಡುತ್ತೇನೆ.

ಅಮ್ಮ ನಿನ್ನೆಯೇ ಊರಿಗೆ ಹೋದರು. ಹೋಗುವಾಗ, "ಆ ಕಿವುಡಮ್ಮ ನಿನ್ನ ಕೈ ಅಷ್ಟು ಗಟ್ಟಿಯಾಗಿ ಹಿಡ್ಕಂಡಿದ್ರಲ್ಲ, ಎಲ್ಲಿ ಓಡೋಗ್ತಿ ಅಂತಿದ್ರೋ ಏನೋ" ಅಂದರು. ನನ್ನ ಮಣಿಕಟ್ಟಿನಲ್ಲಿ ನಿಮ್ಮ ಬೆರಳಿನ ಗುರುತು ಸಂಜೆಯವರೆಗೂ ಇತ್ತು.

ತುಂಡು ಸಮವಾಗಿ ಹರಿಯಲಿಲ್ಲ. ದೊಡ್ಡದು ನನ್ನ ಕೈಗೆ ಬಂತು. ಕನ್ನಡಕ ಹಾಕಿರಲಿಲ್ಲ ಎಂದು ನೀವು ಹೇಳುತ್ತೀರಿ. ನಾನು ಕೇಳುವುದಿಲ್ಲ.

ಒಂದು ವಿಷಯ ಮಾತ್ರ ಕೇಳಲೇಬೇಕು. ಬಾಯಿಗೆ ಹಾಕಿಕೊಂಡ ಮೇಲೆ ಗೊತ್ತಾಯಿತು. ಇಷ್ಟು ತಿಂಗಳಿಂದ ನನ್ನ ರೊಟ್ಟಿಗೆ ಉಪ್ಪು ಸಾಲುತ್ತಿರಲಿಲ್ಲ. ಇಡೀ ಸಭೆ ತಿಂದಿದೆ, ಯಾರೂ ಹೇಳಿಲ್ಲ. ಇನ್ನು ಮೇಲೆ ಎಷ್ಟು ಹಾಕಲಿ ಅಕ್ಕ?

ಸಮತಾ